ಸೋಮವಾರದ ಸಹಿಗಳು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗ್ರೇಡನ್ ಪೈಕ್ ಕಟ್ಟಡದ ಸೈಟಿನಲ್ಲಿ ನಿಲ್ಲಿಸಿದ್ದ ತನ್ನ ಟ್ರೈಲರ್ ಆಫೀಸಿನಲ್ಲಿ ಐಲಾ ಕೊಸ್ಕೆಲಾಳನ್ನು ಎದುರಿಗೆ ಕೂರಿಸಿಕೊಂಡು ಒಂದು ವರದಿ ಓದಿದ. ಬುಧವಾರ ಒರೆಸ್ಟ್ ಹ್ನಾಟಿವ್ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡದ್ದಕ್ಕೆ ಒರೆಸ್ಟನೇ ಕಾರಣ ಎಂಬುದು ಅದರ ಸಾರಾಂಶ. ಓದುವ ದನಿ ಮಾತ್ರ ತೊಟ್ಟಿಲು ತೂಗುವವರ ದನಿಯಂತಿತ್ತು. ಪೈಕ್ ಯಾವತ್ತೂ ಗಟ್ಟಿಯಾಗಿ ಮಾತಾಡಿದವನಲ್ಲ. ಟೊರಾಂಟೊದಲ್ಲಿರುವ ಕಂಪನಿಯ ಕ್ಷೇಮ ವಿಭಾಗದವನು; ಕೆಲಸಗಾರರ ಮೈಮನಸ್ಸು ಚೆನ್ನಾಗಿಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವನು. ಗಟ್ಟಿ ದನಿ ಮೈಮನಸ್ಸಿಗೆ ಒಳ್ಳೆಯದಲ್ಲವಂತೆ.

"ಇಲ್ನೋಡಿ," ಎಂದು ಒಂದು ಹಾಳೆಯನ್ನು ಮೇಜಿನ ಮೇಲೆ ಅವಳತ್ತ ಜಾರಿಸಿದ. "ಬುಧವಾರದ ಬೆಳಗಿನ ವೃತ್ತದ ಹಾಳೆ. ಹ್ನಾಟಿವ್ ಅವರದೇ ಕೈಬರಹ. ಐದು ಅಂತ ಬರ್ದಿದಾರೆ, ಸಹಿ ಹಾಕಿದಾರೆ. ಹೊಸ ಬಿಪಿ ಮಾತ್ರೆ ಶುರು ಮಾಡಿದ್ದು, ತಲೆ ಸುತ್ತುತಾ ಇದ್ದಿದ್ದು, ಏನೂ ಹೇಳಿಲ್ಲ. ನಾವು ಕೇಳಿದೀವಿ, ಅವ್ರು ಮುಚ್ಚಿಟ್ಟಿದಾರೆ. ಪಾಪ, ಬೇಜಾರಾಗುತ್ತೆ."

"ಮುಚ್ಚಿಟ್ಟ ಅಂತಾನೇ ಬರ್ದಿದೀರಾ?"

"'ತಮ್ಮ ಅನಾರೋಗ್ಯವನ್ನು ತಿಳಿದೂ ಮರೆಮಾಚಿದ್ದಾರೆ' ಅಂತ. ಕೆಳಗೆ ಮೇಸ್ತ್ರಿ ಸಹಿ ಬೇಕು. ಸೋಮವಾರ ಬೆಳಿಗ್ಗೆ ಸರ್ಕಾರದ ಇನ್ಸ್‌ಪೆಕ್ಟರ್ ಬರ್ತಾರೆ, ಅಷ್ಟರೊಳಗೆ ಕೊಟ್ರೆ ಸಾಕು. ಅವಸರ ಇಲ್ಲ. ನಿಧಾನಕ್ಕೆ ಉಸಿರಾಡ್ಕೊಳ್ಳಿ."

ನಲವತ್ನಾಲ್ಕು ವರ್ಷದಿಂದ ಯಾರ ಸಹಾಯವೂ ಇಲ್ಲದೆ ಉಸಿರಾಡುತ್ತಿದ್ದ ಐಲಾಗೆ, ಎದುರಿಗಿದ್ದ ಕಾಫಿಯನ್ನು ಆ ಮುಖಕ್ಕೆ ಎರಚಬೇಕೆನ್ನಿಸಿತು. ಎರಚಲಿಲ್ಲ. ಎರಚುವ ಕೈ ಚೊಕ್ಕಟವಾಗಿರಬೇಕು. ತನ್ನ ಕೈ ಚೊಕ್ಕಟವಿಲ್ಲವೆಂಬುದು ಅವಳಿಗೆ ಬುಧವಾರ ಬೆಳಿಗ್ಗೆ ಏಳೂಕಾಲಿನಿಂದಲೇ ಗೊತ್ತಿತ್ತು. ವರದಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದಳು.

"ಅಂದಹಾಗೆ," ಎಂದ ಪೈಕ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಗುರುವಾರ ಶುಕ್ರವಾರದ ಹಾಳೆ ನಿಮ್ಮತ್ರ ಉಳಿದಿದ್ರೆ ಕೊಟ್ಬಿಡಿ. ಸೈಟ್ ಮುಚ್ಚಿತ್ತಲ್ಲ, ಅವು ಲೆಕ್ಕಕ್ಕಿಲ್ಲ."

"ಹುಡುಕ್ತೀನಿ," ಎಂದಳು ಐಲಾ.

ಥಂಡರ್ ಬೇಯ ದಕ್ಷಿಣ ಭಾಗದಲ್ಲಿ ಏಳುತ್ತಿದ್ದ ಆ ಆರು ಮಹಡಿಯ ವಸತಿ ಕಟ್ಟಡದಲ್ಲಿ ಐಲಾ ಸೆಂಟ್ರಿಂಗ್ ಗುಂಪಿನ ಮೇಸ್ತ್ರಿ. ಅವಳ ಕೈಕೆಳಗೆ ಒಂಬತ್ತು ಜನ. ಅವರಲ್ಲಿ ಒರೆಸ್ಟ್ ಎಲ್ಲರಿಗಿಂತ ಹಿರಿಯ, ಅರವತ್ತೊಂದು ವರ್ಷ. ಇಪ್ಪತ್ತು ವರ್ಷದ ಹಿಂದೆ ಹಲಗೆ ಹಿಡಿಯುವುದನ್ನೂ ಮಟ್ಟ ನೋಡುವುದನ್ನೂ ಅವಳಿಗೆ ಕಲಿಸಿದವನು ಅವನೇ. ಹೆಣ್ಣು ಸುತ್ತಿಗೆ ಹಿಡಿದರೆ ಕಟ್ಟಡ ಬೀಳುತ್ತದೆ ಎಂದು ಉಳಿದವರು ಹಲ್ಲು ಕಿರಿಯುತ್ತಿದ್ದ ಕಾಲದಲ್ಲಿ "ದೋನ್ಯು" ಎಂದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡವನು. ದೋನ್ಯು ಎಂದರೆ ಅವನ ಉಕ್ರೇನಿಯನ್ ಮಾತಿನಲ್ಲಿ ಮಗಳೇ ಎಂದು. ಈಗ ಅವಳು ಮೇಸ್ತ್ರಿಯಾಗಿ ಬಿಳಿ ಹೆಲ್ಮೆಟ್ ಹಾಕಿಕೊಂಡಿದ್ದರೂ ಅವನ ಬಾಯಲ್ಲಿ ದೋನ್ಯುವೇ. ಅವಳು ಅವನನ್ನು ಮುದುಕಪ್ಪ ಎನ್ನುತ್ತಿದ್ದಳು.

ಬೆಳಗಿನ ವೃತ್ತವನ್ನು ತಂದವನು ಪೈಕ್. ಹಿಂದಿನ ಅಕ್ಟೋಬರಿನಲ್ಲಿ ಒಂದು ಕಟ್ಟು ಭಿತ್ತಿಪತ್ರದೊಂದಿಗೆ ವಿಮಾನದಲ್ಲಿ ಬಂದಿಳಿದ. ಒಳ್ಳೆಯ ಅಭ್ಯಾಸವೇ ಒಳ್ಳೆಯ ಅಡಿಪಾಯ ಎಂದು ಅದರಲ್ಲಿ ಬರೆದಿತ್ತು. ಬೆಳಿಗ್ಗೆ ಆರೂಮುಕ್ಕಾಲಿಗೆ ಎಲ್ಲರೂ ಗುಂಡಗೆ ನಿಲ್ಲಬೇಕು. ಕತ್ತು ತಿರುಗಿಸಬೇಕು, ತೋಳು ಚಾಚಬೇಕು, ಸೊಂಟ ಬಾಗಿಸಬೇಕು, ಮೂರು ಸಲ ಉದ್ದಕ್ಕೆ ಉಸಿರೆಳೆಯಬೇಕು. ಆಮೇಲೆ ಮೇಸ್ತ್ರಿ ಒಬ್ಬೊಬ್ಬರನ್ನೇ "ಎಷ್ಟು?" ಎಂದು ಕೇಳಬೇಕು, ಅವರು ಬೆರಳು ತೋರಿಸಬೇಕು. ಐದು ಅಂದರೆ ಗಟ್ಟಿಮುಟ್ಟು, ಒಂದು ಅಂದರೆ ನಿಲ್ಲುವುದೇ ಕಷ್ಟ. ಎರಡೋ ಒಂದೋ ತೋರಿಸಿದವರಿಗೆ ಆ ದಿನ ಏಣಿ ಇಲ್ಲ, ಮೇಲಿನ ಕೆಲಸ ಇಲ್ಲ, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕೊನೆಗೆ ಹಾಳೆಯ ಮೇಲೆ ಹೆಸರು, ಅಂಕಿ, ಸಹಿ. ಎಲ್ಲ ಸೇರಿ ಹನ್ನೊಂದು ನಿಮಿಷ.

ಗುಂಪಿನವರು ಅದಕ್ಕೆ ಕುಣಿತ ಎಂದು ಹೆಸರಿಟ್ಟರು. ಡ್ಯಾರಿಲ್ ನೌಗೀಸಿಕ್ ಮೊದಲ ದಿನವೇ ಒಂದು ಬೆರಳು ತೋರಿಸಿದ. ಯಾವ ಬೆರಳು ಎಂದು ಹೇಳಬೇಕಾಗಿಲ್ಲ. ಒರೆಸ್ಟ್ ಮಾತ್ರ ನಗಲಿಲ್ಲ.

"ನಗ್ರೋ ನಗ್ರಿ," ಎಂದಿದ್ದ. "ನಲವತ್ತು ವರ್ಷ ಆಯ್ತು ನಾನು ಈ ಕೆಲ್ಸಕ್ಕೆ ಬಂದು. ನಿನ್ ಮಂಡಿ ಹೇಗಿದೆಯಪ್ಪ ಅಂತ ಕೇಳಿದ್ದು ಇದೇ ಮೊದ್ಲು."

ಆ ಚಳಿಗಾಲದಲ್ಲಿ ಅವನು ಎರಡು ಸಲ ಎರಡು ಬೆರಳು ತೋರಿಸಿದ. ಎರಡು ದಿನವೂ ಕೆಳಗೆ ಕೂತು ಹಳೆ ಹಲಗೆಗಳಿಂದ ಮೊಳೆ ಕಿತ್ತ. ನಾಚಿಕೆಪಡಲಿಲ್ಲ. ಮುಚ್ಚಿಡುವ ಮನುಷ್ಯನಾಗಿದ್ದರೆ ಆ ಎರಡು ದಿನವೂ ಮುಚ್ಚಿಡಬಹುದಿತ್ತಲ್ಲ. ಶುಕ್ರವಾರ ಟ್ರೈಲರಿನಿಂದ ಹೊರಗೆ ಬರುವಾಗ ಐಲಾಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಸಹಿಗಳ ಕಥೆ ಶುರುವಾದದ್ದು ಜನವರಿಯಲ್ಲಿ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ ಇಳಿದ ವಾರ ಅದು. ಪೆನ್ನಿನಲ್ಲಿ ಶಾಯಿ ಹೆಪ್ಪುಗಟ್ಟಿ ಬರೆಯುತ್ತಿರಲಿಲ್ಲ. ಪೆನ್ನನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು ಬಂದರೆ ಎರಡು ಸಹಿಗೆ ಮತ್ತೆ ಸತ್ತುಹೋಗುತ್ತಿತ್ತು. ಗುರುವಾರದ ಹಾಳೆಯಲ್ಲಿ ಎರಡು ಸಹಿ ಕಡಿಮೆ ಇದೆ ಎಂದು ಪೈಕ್ ಟೊರಾಂಟೊದಿಂದ ಇಮೇಲ್ ಕಳಿಸಿದ. ಆಫೀಸಿನ ಗೋಡೆಗೆ ಎರಡು ಪಟ್ಟಿ ನೇತುಹಾಕಿದ್ದರು. ಒಂದು, ಯಾವ ಗುಂಪಿನ ಹಾಳೆ ನೂರಕ್ಕೆ ನೂರು ತುಂಬಿದೆ ಎಂಬುದು. ಪಕ್ಕದ್ದು, ಯಾವ ಗುಂಪು ವಾರಕ್ಕೆ ಎಷ್ಟು ಸ್ಲ್ಯಾಬ್ ಮುಗಿಸಿತು ಎಂಬುದು. ಮೊದಲನೆಯದಕ್ಕೆ ನಿಧಾನ ಬೇಕು, ಎರಡನೆಯದಕ್ಕೆ ಅವಸರ ಬೇಕು. ಎರಡನ್ನೂ ಒಂದೇ ಗೋಡೆಗೆ ಹೊಡೆದವರಿಗೆ ಅದು ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ.

ಐಲಾ ಒಂದು ಉಪಾಯ ಮಾಡಿದಳು. ಅವಳದೇ ಬುದ್ಧಿ, ಬೇರೆ ಯಾರದೂ ಅಲ್ಲ. ಸೋಮವಾರ ಬೆಳಿಗ್ಗೆ, ಹೀಟರ್ ಇರುವ ಊಟದ ಟ್ರೈಲರಿನಲ್ಲಿ, ಐದೂ ದಿನದ ಹಾಳೆಗಳನ್ನು ಸಾಲಾಗಿ ಇಟ್ಟು ಎಲ್ಲರಿಂದ ಒಟ್ಟಿಗೆ ತುಂಬಿಸಿಬಿಡುವುದು. ಅವಳೇ ಒಂದು ಡಬ್ಬಿ ಪರ್ಶಿಯನ್ ತರುತ್ತಿದ್ದಳು, ಮೇಲೆ ಗುಲಾಬಿ ಬಣ್ಣದ ಹಣ್ಣಿನ ಸಕ್ಕರೆ ಸುರಿದ ಬನ್ನು. ಒಂದು ಕೈಯಲ್ಲಿ ಬನ್ನು, ಇನ್ನೊಂದು ಕೈಯಲ್ಲಿ ಪೆನ್ನು.

"ಬರೋ ಶುಕ್ರವಾರ ನನಗೆ ಹೇಗಿರುತ್ತೆ ಅಂತ ಈಗ್ಲೇ ಬರಿಯೋಕೆ ನಾನೇನು ಶಾಸ್ತ್ರ ಹೇಳೋನಾ?" ಎಂದು ಕೇಳಿದ್ದ ಒರೆಸ್ಟ್ ಮೊದಲ ಸೋಮವಾರ.

"ಬರಿ ಮುದುಕಪ್ಪ, ಐದು ಅಂತ ಬರಿ. ಬೆರಳಂತೂ ದಿನಾ ತೋರಿಸ್ತೀಯಲ್ಲ, ಅದು ಮುಖ್ಯ. ಇದು ಬರೀ ಕಾಗ್ದ."

ಅವಳು ಹೇಳಿದಳೆಂದು ಅವನು ಬರೆದ. ಚಳಿಗೆ ಹುಟ್ಟಿದ ಅಭ್ಯಾಸ ಚಳಿ ಹೋದರೂ ಹೋಗಲಿಲ್ಲ. ಕೆರೆಯ ಮೇಲಿನ ಹಿಮ ಒಡೆಯಿತು, ಮೇ ಬಂತು, ಕಚ್ಚುವ ಕರಿನೊಣ ಬಂತು, ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು. ಸೋಮವಾರದ ಬನ್ನೂ ಸಹಿಯೂ ಮುಂದುವರಿದವು. ಸ್ಲ್ಯಾಬ್ ಹಾಕುವ ದಿನ ಮಾತ್ರ ವೃತ್ತವನ್ನೂ ಬಿಟ್ಟುಬಿಡುವುದು ರೂಢಿಯಾಯಿತು. ಹೇಗೂ ಹಾಳೆ ತುಂಬಿರುತ್ತಿತ್ತು.

ಆ ಬುಧವಾರ ಸ್ಲ್ಯಾಬ್ ಹಾಕುವ ದಿನ. ಎಂಟಕ್ಕೆ ಬರಬೇಕಾದ ಕಾಂಕ್ರೀಟ್ ಲಾರಿ ಏಳಕ್ಕೇ ಬರುತ್ತದೆ ಎಂದು ಸೈಟಿನ ಮ್ಯಾನೇಜರ್ ಆರೂ ಇಪ್ಪತ್ತಕ್ಕೆ ಫೋನ್ ಮಾಡಿದ. ಐಲಾ ಆ ದಿನದ ಹಾಳೆಯನ್ನು ಆಫೀಸಿನ ಡಬ್ಬಿಗೆ ಹಾಕಿ, "ಇವತ್ತು ಕುಣಿತ ಇಲ್ಲ, ಎಲ್ರೂ ಮೇಲೆ ನಡೀರಿ," ಎಂದು ಕೂಗಿದಳು. ಆಗ ಒರೆಸ್ಟ್ ಹತ್ತಿರ ಬಂದ.

"ದೋನ್ಯು, ವೃತ್ತ ಇಲ್ವಾ?"

"ಇಲ್ಲ, ಲಾರಿ ಬರ್ತಿದೆ."

"ಹಾಗಾದ್ರೆ ಇಲ್ಲೇ ಹೇಳ್ಬಿಡ್ತೀನಿ. ಇವತ್ತು ನಾನು ಕೆಳಗೆ ಇರ್ಲಾ?"

ಹೇಳುತ್ತಾ ಕೈಗವಸಿನ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದ. ಎಷ್ಟು ಬೆರಳು ಎಂದು ಐಲಾ ನೋಡಲಿಲ್ಲ. ಅವಳ ಕಣ್ಣು ಗೇಟಿನ ಮೇಲಿತ್ತು.

"ಸ್ಲ್ಯಾಬ್ ಆಗ್ಲಿ ಮುದುಕಪ್ಪ, ಆಮೇಲೆ ನೋಡೋಣ. ಏಣಿ ಹತ್ತಿ ಆಸರೆ ಕಂಬ ಒಂದ್ಸಲ ನೋಡ್ಕೊಂಡು ಬಂದ್ಬಿಡು."

ಒರೆಸ್ಟ್ ಒಂದು ಮಾತನ್ನು ಎರಡು ಸಲ ಹೇಳುವವನಲ್ಲ. ಕೈ ಇಳಿಸಿ ಹೋದ. ಏಳೂಕಾಲಿಗೆ ಏಣಿಯ ತುದಿಯಿಂದ ಬಿದ್ದ. ಲಾರಿ ಬಂದದ್ದು ಏಳೂ ನಲವತ್ತಕ್ಕೆ.

ಆ ಸಂಜೆ ಐಲಾ ಮನೆಗೆ ಹೋಗಿ ಸೌನಾದ ಒಲೆಗೆ ಕಟ್ಟಿಗೆ ಹಾಕಿದಳು. ಬುಧವಾರ, ಶನಿವಾರ ಸೌನಾ, ಮನೆಯ ಹಬೆಸ್ನಾನ. ಅವಳ ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಕೈ ತಾನಾಗಿ ಕಟ್ಟಿಗೆ ಜೋಡಿಸಿತು, ತಾನಾಗಿ ಬಕೆಟ್ಟು ತುಂಬಿಸಿತು. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಕಾಫಿ, ಎರಡು ಮೊಟ್ಟೆ, ಹಿಂದಿನ ದಿನವೇ ತೆಗೆದಿಟ್ಟ ಬಟ್ಟೆ: ಅಚ್ಚುಕಟ್ಟಿನ ಹೆಂಗಸು ಎಂದೇ ಅವಳನ್ನು ಮೇಸ್ತ್ರಿ ಮಾಡಿದ್ದರು. ಬಿಸಿ ಕಲ್ಲಿನ ಮೇಲೆ ನೀರು ಸುರಿದು ಹಬೆಯಲ್ಲಿ ಕೂತಾಗ ಆ ಅಚ್ಚುಕಟ್ಟಿನ ಮೇಲೇ ಅವಳಿಗೆ ಅಸಹ್ಯ ಬಂತು. ಮನುಷ್ಯ ಬಿದ್ದ ದಿನವೂ ತಪ್ಪದೆ ನಡೆಯುವ ಇಂಥ ಅಭ್ಯಾಸ ಯಾವ ಸುಡುಗಾಡಿಗೆ ಬೇಕು ಎಂದುಕೊಂಡಳು. ಬೆವರು ಬರುವ ಮೊದಲೇ ಎದ್ದು ಹೊರಗೆ ಬಂದಳು.

ಶುಕ್ರವಾರ ಪೈಕ್‌ನ ಟ್ರೈಲರಿನಿಂದ ಬಂದವಳು ತನ್ನ ಪಿಕಪ್ಪಿನ ಸೀಟಿನ ಹಿಂದೆ ಕೈ ಹಾಕಿ ರಟ್ಟು ತೆಗೆದಳು. ಕ್ಲಿಪ್ಪಿನ ಕೆಳಗೆ ಎರಡು ಹಾಳೆ ಇದ್ದವು. ಗುರುವಾರ: ಒರೆಸ್ಟ್ ಹ್ನಾಟಿವ್, ಐದು, ಸಹಿ. ಶುಕ್ರವಾರ: ಒರೆಸ್ಟ್ ಹ್ನಾಟಿವ್, ಐದು, ಸಹಿ. ಅಂಚಿನಲ್ಲಿ ಗುಲಾಬಿ ಸಕ್ಕರೆಯ ಒಂದು ಹೆಬ್ಬೆರಳ ಗುರುತು. ಗುರುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಒರೆಸ್ಟ್‌ನ ಸೊಂಟದ ಮೂಳೆಗೆ ಡಾಕ್ಟರು ಉಕ್ಕಿನ ಪಟ್ಟಿ ಕೂರಿಸುತ್ತಿದ್ದರು. ಹಾಳೆಯ ಪ್ರಕಾರ ಅವನು ಸೈಟಿನಲ್ಲಿ ತೋಳು ಚಾಚಿ, ಉಸಿರೆಳೆದು, ಐದೂ ಬೆರಳು ತೋರಿಸಿದ್ದ.

ಈ ಎರಡು ಹಾಳೆಯನ್ನು ಇನ್ಸ್‌ಪೆಕ್ಟರ್ ನೋಡಿದರೆ ಬುಧವಾರದ ಹಾಳೆ ಮೂರು ಕಾಸಿಗೂ ಬಾಳುವುದಿಲ್ಲ. ಒರೆಸ್ಟ್ ಮುಚ್ಚಿಟ್ಟ ಎನ್ನುವ ಮಾತು ಅಲ್ಲಿಗೇ ಬೀಳುತ್ತದೆ. ಜೊತೆಗೆ ಐಲಾಳ ಬಿಳಿ ಹೆಲ್ಮೆಟ್ಟೂ ಬೀಳುತ್ತದೆ, ಹಾಳೆಗೆ ಸಹಿ ಹಾಕಿದ ಉಳಿದ ಎಂಟು ಜನರ ಮೇಲೂ ಮಸಿ ಬೀಳುತ್ತದೆ. ಹಾಳೆಯನ್ನು ಸೌನಾ ಒಲೆಗೆ ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲ, ಒರೆಸ್ಟ್ ಒಬ್ಬನನ್ನು ಬಿಟ್ಟು. ಶನಿವಾರ ಅವಳು ಒಲೆ ಹಚ್ಚಿ, ಹಾಳೆ ಹಿಡಿದುಕೊಂಡು ಅದರ ಮುಂದೆ ಅರ್ಧ ಗಂಟೆ ಕೂತಿದ್ದಳು. ಒಲೆಯ ಬಾಗಿಲು ತೆರೆದಳು ಕೂಡ. ಪೈಕ್ ಮೇಲಿನ ಸಿಟ್ಟು ಎಷ್ಟಿತ್ತೋ ಅಷ್ಟೇ ತನ್ನ ಮೇಲೂ ಇತ್ತು, ಯಾವುದನ್ನು ಮೊದಲು ಸುಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಭಾನುವಾರ ಏಲಕ್ಕಿ ಹಾಕಿದ ಪುಲ್ಲಾ ಎಂಬ ಸಿಹಿ ಬ್ರೆಡ್ಡು ಬೇಯಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದಳು. ಮಂಚದ ಪಕ್ಕದಲ್ಲಿ ಒರೆಸ್ಟ್‌ನ ಹೆಂಡತಿ ಸ್ಟೆಫಾ ಕೂತಿದ್ದಳು. ಕಿಟಕಿಯ ಮೇಲೆ ಕಂಪನಿ ಕಳಿಸಿದ ಹೂವಿನ ಬುಟ್ಟಿ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ವಿಶ್ರಾಂತಿಯೂ ಒಂದು ಒಳ್ಳೆಯ ಅಭ್ಯಾಸ ಎಂದು ಅಚ್ಚಾಗಿತ್ತು.

"ಹೂ ಕಳ್ಸಿದೋನು ಫೋನೂ ಮಾಡಿದ್ದ," ಎಂದಳು ಸ್ಟೆಫಾ. "ನಿಮ್ಮ ಯಜಮಾನ್ರು ಮನೇಲೂ ವಿಷಯ ಮುಚ್ಚಿಡ್ತಾರಾ ಅಂತ ಕೇಳ್ದ. ಎಷ್ಟು ಮೆತ್ತಗೆ ಕೇಳ್ದ ಅಂದ್ರೆ, ಅರ್ಥ ಆಗೋ ಹೊತ್ತಿಗೆ ಅವ್ನು ಫೋನ್ ಇಟ್ಟಾಗಿತ್ತು. ಮೂವತ್ತಾರು ವರ್ಷ ಸಂಸಾರ ಮಾಡಿದೀನಿ ಇವ್ನ ಜೊತೆ. ಹುಟ್ಟುಹಬ್ಬಕ್ಕೆ ತಂದ ಉಡುಗೊರೆ ಮುಚ್ಚಿಡೋಕೆ ಬರಲ್ಲ ಈ ಮನುಷ್ಯಂಗೆ."

ಒರೆಸ್ಟ್ ಎಚ್ಚರವಾಗಿದ್ದ. ನೋವಿನ ಔಷಧಿಗೆ ಕಣ್ಣು ತೇಲುತ್ತಿದ್ದವು.

"ದೋನ್ಯು, ನೀನು ಬಂದಿದ್ದು ಒಳ್ಳೇದಾಯ್ತು. ಒಂದು ಕೇಳ್ಬೇಕಿತ್ತು. ಆವತ್ತು ಕೆಳಗೆ ಇರ್ತೀನಿ ಅಂತ ನಾನು ನಿನ್ನ ಕೇಳ್ದೆ ಅಂತ ನೆನಪು. ಆದ್ರೆ ಈ ಔಷಧಿ ತಗೊಂಡ್ ಮೇಲೆ ಸತ್ತುಹೋದ ನಮ್ಮಣ್ಣನ ಜೊತೆನೂ ಮಾತಾಡ್ದೆ ಅಂತ ನೆನಪು. ಕಂಪನಿಯವ್ರು ನೀವು ಹೇಳೇ ಇಲ್ಲ ಅಂತಾರೆ. ನಿಂಗೆ ಗೊತ್ತಿರುತ್ತಲ್ಲ. ಕೇಳಿದ್ನಾ, ಇಲ್ವಾ?"

ಐಲಾ ಬ್ರೆಡ್ಡಿನ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಇಲ್ಲ ಎಂದರೆ ಸಾಕಿತ್ತು, ಅವನು ನಂಬಿಬಿಡುತ್ತಿದ್ದ. ತಾನೇ ಸುಳ್ಳ ಎಂದು ಒಪ್ಪಿಕೊಂಡು ಉಳಿದ ಆಯಸ್ಸನ್ನು ಕುಂಟುತ್ತಾ ಕಳೆಯುತ್ತಿದ್ದ.

"ಕೇಳಿದ್ದೆ," ಎಂದಳು. "ಕೈನೂ ಎತ್ತಿದ್ದೆ ಮುದುಕಪ್ಪ. ನಾನು ನೋಡ್ಲಿಲ್ಲ. ಲಾರಿ ಬರುತ್ತೆ ಅಂತ ಗೇಟ್ ನೋಡ್ತಿದ್ದೆ. ಏಣಿ ಹತ್ತಿಸಿದ್ದು ನಾನು."

ಒರೆಸ್ಟ್ ಕಣ್ಣು ಮುಚ್ಚಿದ. "ಹಾಗಾದ್ರೆ ನನ್ನ ತಲೆ ನೆಟ್ಟಗಿದೆ," ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿದ. ಸ್ಟೆಫಾ ಎದ್ದು ಬಂದಳು. ಐಲಾಳ ಕೈಯಿಂದ ಬ್ರೆಡ್ಡನ್ನು ತೆಗೆದುಕೊಳ್ಳಲಿಲ್ಲ.

"ಇಲ್ಲಿ ಹೇಳ್ದೆ. ಬಾಗಿಲು ಹಾಕಿದ ರೂಮು, ಕೇಳೋರು ನಾವಿಬ್ರೇ. ಅಲ್ಲಿ ಹೇಳ್ತೀಯಾ?"

ಐಲಾ ಬ್ರೆಡ್ಡಿನ ಗಂಟನ್ನು ಮತ್ತೆ ಮುಂದೆ ಚಾಚಿದಳು.

"ಹಾಗಾದ್ರೆ ನಿನ್ನ ಬ್ರೆಡ್ಡು ನೀನೇ ತಿನ್ನು," ಎಂದು ಸ್ಟೆಫಾ ಬಾಗಿಲು ತೋರಿಸಿದಳು.

ಸೋಮವಾರ ಆರೂಮುಕ್ಕಾಲಿಗೆ ಸೈಟಿನಲ್ಲಿ ಹಿಂದೆಂದೂ ನಡೆಯದಂಥ ವೃತ್ತ ನಡೆಯಿತು. ಪೈಕ್ ತಾನೇ ನಡುವೆ ನಿಂತಿದ್ದ. ಮ್ಯಾನೇಜರ್ ಬಂದಿದ್ದ. ಸರ್ಕಾರದ ಇನ್ಸ್‌ಪೆಕ್ಟರ್ ಮಾರ್ಗೊ ತೆರಿಯೊ, ಸವೆದ ಬೂಟಿನ ಗಟ್ಟಿಮುಟ್ಟಾದ ಹೆಂಗಸು, ಸ್ವಲ್ಪ ದೂರದಲ್ಲಿ ಕೈಕಟ್ಟಿ ನೋಡುತ್ತಿದ್ದಳು. ಮೊದಲು ಒರೆಸ್ಟ್‌ಗಾಗಿ ಒಂದು ನಿಮಿಷ ಮೌನ. ಆಮೇಲೆ ಕತ್ತು, ತೋಳು, ಸೊಂಟ, ಉಸಿರು, ಎಲ್ಲವೂ ಸಾವಕಾಶವಾಗಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಸೊಂಟ ಮುರಿದವನ ಹೆಸರು ಹೇಳಿ ಉಳಿದವರು ಸೊಂಟ ಬಾಗಿಸುತ್ತಿದ್ದರು.

"ಎಷ್ಟು?" ಎಂದು ಪೈಕ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ಐದು. ಐದು. ಐದು. ಡ್ಯಾರಿಲ್ ಕೂಡ ಇನ್ಸ್‌ಪೆಕ್ಟರ್ ಕಡೆ ಒಮ್ಮೆ ನೋಡಿ ಐದು ತೋರಿಸಿದ. ಐಲಾ ಮುಷ್ಟಿ ಎತ್ತಿ ಹಿಡಿದಳು.

"ಸೊನ್ನೆ ಅನ್ನೋದು ನಮ್ಮಲ್ಲಿ ಇಲ್ಲ," ಎಂದು ಪೈಕ್ ಮುಗುಳ್ನಕ್ಕ. "ಒಂದರಿಂದ ಶುರು."

"ಇವತ್ತಿಂದ ಇದೆ." ಅವಳು ಅಂಗಿಯೊಳಗಿಂದ ಎರಡು ಹಾಳೆ ತೆಗೆದು ವೃತ್ತ ದಾಟಿ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು. "ಮೇಡಂ, ಹ್ನಾಟಿವ್ ಅಂತ ಇರೋ ಸಾಲು ಓದಿ. ಮೇಲೆ ತಾರೀಕು ಓದಿ."

ಇನ್ಸ್‌ಪೆಕ್ಟರ್ ಓದಿದಳು. ತಲೆ ಎತ್ತಿದಳು. "ಗುರುವಾರ ಇವ್ರು ಆಸ್ಪತ್ರೇಲಿ ಇದ್ರಲ್ವಾ?"

"ಆಪರೇಷನ್ ಮೇಜಿನ ಮೇಲಿದ್ದ. ಆದ್ರೂ ಐದು. ನಮ್ಮಲ್ಲಿ ಸೊಂಟ ಮುರಿದೋರೂ ಐದೇ ತೋರಿಸೋದು, ಅಷ್ಟು ಒಳ್ಳೆ ಅಭ್ಯಾಸ. ಯಾಕಂದ್ರೆ ಐದೂ ದಿನದ ಹಾಳೆ ನಾವು ಸೋಮವಾರನೇ ತುಂಬ್ತೀವಿ. ಬುಧವಾರದ್ದೂ ಸೋಮವಾರ ಬರ್ದಿದ್ದೇ. ಬುಧವಾರ ಈ ಕುಣಿತ ನಡೀಲೇ ಇಲ್ಲ. ಅವ್ನಾಗೇ ನನ್ನ ಹತ್ರ ಬಂದು ಕೆಳಗೆ ಇರ್ತೀನಿ ಅಂದ. ನಾನು ಏಣಿ ಹತ್ತು ಅಂದೆ. ಅವ್ನು ಮುಚ್ಚಿಟ್ಟ ಅಂತ ಇವ್ರು ಬರ್ದಿದಾರೆ, ಅದಕ್ಕೆ ನನ್ನ ಸಹಿ ಬೇಕಂತೆ." ಜೇಬಿನಿಂದ ವರದಿ ತೆಗೆದು ಪೈಕ್‌ನ ಕಾಲ ಬಳಿ ಎಸೆದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ನನ್ನ ಕೈ ಬೇಡ. ಹಾಳೆ ತುಂಬ್ಸೋ ಬುದ್ಧಿ ನಂದು. ಬರ್ಕೊಳಿ. ಇವ್ರೆಲ್ಲ ನಾನು ಹೇಳ್ದೆ ಅಂತ ಬರ್ದೋರು."

ಡ್ಯಾರಿಲ್ ಬೂಟಿನ ತುದಿಯಿಂದ ನೆಲ ಕೆದಕಿ, "ನಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಮೇಸ್ತ್ರಿ," ಎಂದ.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು," ಎಂದ ಅವನು. "ಅಂತಿದ್ದೆ."

ಪೈಕ್ ಅವಳನ್ನು ಟ್ರೈಲರಿಗೆ ಕರೆದುಕೊಂಡು ಹೋದ. ಬಾಗಿಲು ಹಾಕಿ, ಮೆತ್ತಗೆ ಹೇಳಿದ: "ಸೋಮವಾರದ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಐದೂ ಹಾಳೇಲಿ ಒಂದೇ ಪೆನ್ನು, ಒಂದೇ ಶಾಯಿ, ಸಕ್ಕರೆ ಅಂಟಿರುತ್ತೆ. ಎಲ್ಲಾ ಸೈಟಲ್ಲೂ ಹೀಗೇ. ಹಾಳೆ ಬರ್ತಿತ್ತಲ್ಲ, ನಾನು ಸುಮ್ನಿದ್ದೆ. ನಿಮಗೂ ಕಷ್ಟ ಆಗ್ಬಾರ್ದು, ನನಗೂ ಆಗ್ಬಾರ್ದು ಅಂತ."

ಐಲಾಗೆ ಇಷ್ಟು ದಿನ ಅವನು ಮೂರ್ಖ ಎಂಬ ಒಂದು ಸಮಾಧಾನವಾದರೂ ಇತ್ತು. ಗೊತ್ತಿದ್ದೂ ಒರೆಸ್ಟ್ ಮುಚ್ಚಿಟ್ಟ ಎಂದು ಬರೆದಿದ್ದ. ಗೊತ್ತಿದ್ದೂ ಸ್ಟೆಫಾಗೆ ಫೋನ್ ಮಾಡಿದ್ದ.

"ಗೊತ್ತಿತ್ತಾ ನಿಂಗೆ?" ಅವಳ ದನಿ ಟ್ರೈಲರಿನ ತಗಡಿಗೆ ಬಡಿಯಿತು. "ಹಾಳೆ ಸುಳ್ಳು ಅಂತ ಗೊತ್ತಿದ್ದೂ ಅದನ್ನ ಹಿಡ್ಕೊಂಡು ಅವ್ನ ಹೆಂಡ್ತಿ ಹತ್ರ ಅವ್ನು ಸುಳ್ಳ ಅಂದೆಯಾ? ಹನ್ನೊಂದು ನಿಮಿಷ ಕಣೋ. ಅಷ್ಟೇ ಬೇಕಾಗಿದ್ದಿದ್ದು. ನಾನು ಕೊಡ್ಲಿಲ್ಲ, ಅದು ನನ್ನ ಪಾಪ. ಆದ್ರೆ ನೀನು ಹಾಳೆ ಕೇಳ್ದೆ, ಹನ್ನೊಂದು ನಿಮಿಷ ಯಾವತ್ತೂ ಕೇಳ್ಲಿಲ್ಲ. ಲಾರಿ ಕಾಯ್ಲಿ ಅಂತ ಒಂದು ದಿನ ಹೇಳ್ಲಿಲ್ಲ."

"ದಯವಿಟ್ಟು ದನಿ—"

"ಏರಿಸ್ತೀನಿ. ನನ್ನ ದನಿ ನನ್ನ ಹತ್ರ ಇದೆ."

ಟ್ರೈಲರಿನ ತಗಡು ಎಷ್ಟರದು. ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿ ಒಳಗೆ ಬಂದಳು. "ಎಲ್ಲಾ ಸೈಟಲ್ಲೂ ಹೀಗೇ ಅಂದ್ರಲ್ಲ ಮಿಸ್ಟರ್ ಪೈಕ್, ಅಲ್ಲಿಂದ ಶುರು ಮಾಡೋಣ," ಎಂದು ಕುರ್ಚಿ ಎಳೆದುಕೊಂಡಳು.

ವರದಿಯಿಂದ ಒರೆಸ್ಟ್ ಮರೆಮಾಚಿದ ಎಂಬ ಸಾಲು ಹೋಯಿತು. ಹೊಡೆದುಹಾಕಿದ ಆ ಪುಟದ ನಕಲನ್ನು ಇನ್ಸ್‌ಪೆಕ್ಟರ್ ತಾನೇ ಆಸ್ಪತ್ರೆಗೆ ಕಳಿಸಿದಳು. ಪೈಕ್ ಟೊರಾಂಟೊಗೆ ಹೋದವನು ಮತ್ತೆ ಬರಲಿಲ್ಲ. ಅಲ್ಲಿ ಅವನಿಗೆ ಏನಾಯಿತೆಂದು ಯಾರೂ ಹೇಳಲಿಲ್ಲ. ಏನೂ ಆಗಿರಲಿಕ್ಕಿಲ್ಲ, ಅಂಥವರು ಬೆಕ್ಕಿನ ಹಾಗೆ ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತಾರೆ. ಐಲಾಳ ಬಿಳಿ ಹೆಲ್ಮೆಟ್ ಡ್ಯಾರಿಲ್ ತಲೆಗೆ ಹೋಯಿತು. ಉಳಿದ ಎಂಟು ಜನಕ್ಕೂ ಒಂದೊಂದು ಎಚ್ಚರಿಕೆ ಪತ್ರ ಬಂತು. ಅವಳು ಊಟಕ್ಕೆ ಕೂತರೆ ಬೆಂಚಿನ ಆ ತುದಿ ಖಾಲಿಯಾಗುತ್ತಿತ್ತು. ಸ್ಟೆಫಾ ಫೋನ್ ಮಾಡಲಿಲ್ಲ, ಐಲಾ ನಿರೀಕ್ಷಿಸಲೂ ಇಲ್ಲ.

ಮುಂದಿನ ವಾರದ ಬುಧವಾರ ಮತ್ತೆ ಸ್ಲ್ಯಾಬ್ ಹಾಕುವ ದಿನ. ಈ ಸಲ ಲಾರಿ ಹೇಳಿದ ಹೊತ್ತಿಗಿಂತ ಮೊದಲೇ ಬಂತು. ಆರೂಮುಕ್ಕಾಲಿಗೆ ಗೇಟಿನಲ್ಲಿ ನಿಂತು, ಹೊಟ್ಟೆ ತಿರುಗಿಸುತ್ತಾ, ಹಾರನ್ ಹೊಡೆಯತೊಡಗಿತು. ಮ್ಯಾನೇಜರ್ ಟ್ರೈಲರಿನ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದ. ಡ್ಯಾರಿಲ್ ಅತ್ತ ನೋಡದೆ ಎಲ್ಲರನ್ನೂ ಗುಂಡಗೆ ನಿಲ್ಲಿಸಿದ. ಕತ್ತು ತಿರುಗಿಸಲು ಹೇಳಿದ. ತೋಳು ಚಾಚಿಸಿದ. ಹಾರನ್ ಇನ್ನೊಮ್ಮೆ ಆಯಿತು.

"ಬಾರ್ಸ್ಲಿ, ಅವ್ರಪ್ಪಂದೇ ಹಾರನ್," ಎಂದ ಡ್ಯಾರಿಲ್. ಆಮೇಲೆ ಒಬ್ಬೊಬ್ಬರ ಮುಂದೆ ಹೋಗಿ ನಿಂತು, ಮುಖ ನೋಡಿ, ಎಷ್ಟು ಎಂದು ಕೇಳುತ್ತಾ ಬಂದ. ನಾಲ್ಕು. ಮೂರು. ಐದು. ಐಲಾಳ ಮುಂದೆ ಬಂದಾಗ ಅವನ ಮುಖದಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ಎಷ್ಟು?"

ಅವಳು ನಿದ್ದೆ ಮಾಡಿ ಎರಡು ವಾರವಾಗಿತ್ತು. ಎರಡು ಬೆರಳು ಎತ್ತಿದಳು. ಡ್ಯಾರಿಲ್ ಆ ಬೆರಳುಗಳನ್ನು ಚೆನ್ನಾಗಿ ನೋಡಿದ.

"ಕೆಳಗಿರು. ಮೊಳೆ ಕೀಳು."

ಒರೆಸ್ಟ್ ಕೂರುತ್ತಿದ್ದ ದಿಮ್ಮಿಯ ಮೇಲೆ ಐಲಾ ಕೂತಳು. ಹಲಗೆಯನ್ನು ತೊಡೆಗೆ ಅಡ್ಡ ಹಾಕಿಕೊಂಡು ಮೊದಲ ಮೊಳೆಗೆ ಸುತ್ತಿಗೆಯ ಬಾಯಿ ಕೊಟ್ಟಳು. ಅಲ್ಲಿಂದ ಗೇಟು ನೇರವಾಗಿ ಕಾಣುತ್ತಿತ್ತು. ಲಾರಿಯವನು ಹಾರನ್ ಬಿಟ್ಟು, ಕಿಟಕಿಗೆ ಮೊಣಕೈ ಊರಿ ಒಂದು ಸಿಗರೇಟು ಹಚ್ಚಿದ. ಸಿಗರೇಟು ಮುಗಿಯಿತು. ಹನ್ನೊಂದು ನಿಮಿಷಕ್ಕೆ ಗೇಟು ತೆರೆಯಿತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ.